ಮಾರ್ನಾಮಿಯಿಂದ ಸಂಕ್ರಾಂತಿ ತನಕ: ಮನೆಯಲ್ಲಿ ಏನು ಮಾಡುತ್ತೀರಿ, ಅಂಗಡಿಯಿಂದ ಏನು ತರುತ್ತೀರಿ?

ಕ್ಯಾತ್ಸಂದ್ರ_ಸೊಸೆ
ಎಲ್ಲರಿಗೂ ನಮಸ್ಕಾರ. ಈ ಸಲ ನಮ್ಮನೆ ಹಬ್ಬಗಳ ಜವಾಬ್ದಾರಿ ನನ್ನ ತಲೆಗೆ ಬಂದಿದೆ. ಅತ್ತೆಗೆ ಮಂಡಿ ನೋವು, ನೆಲಕ್ಕೆ ಕೂರಲು ಆಗುವುದಿಲ್ಲ. ಪಿತೃಪಕ್ಷದ ಎಡೆಯಿಂದ ಹಿಡಿದು ಗೊಂಬೆ, ಕಜ್ಜಾಯ, ತುಳಸಿ ಹಬ್ಬದ ಬತ್ತಿ, ಅವರೆಕಾಯಿ, ಸಂಕ್ರಾಂತಿ ಎಳ್ಳು ಅಂತ ಇಷ್ಟು ವರ್ಷ ಎಲ್ಲವನ್ನೂ ಅವರೇ ಎಳೆದುಕೊಂಡು ಬಂದರು. ನಾನು ಕೆಲಸಕ್ಕೆ ಹೋಗುವವಳು. ನಮ್ಮ ಯಜಮಾನರು "ಎಲ್ಲ ಅಂಗಡಿಯಲ್ಲಿ ಸಿಗುತ್ತೆ ಬಿಡು" ಎನ್ನುತ್ತಾರೆ. ಅತ್ತೆ ಏನೂ ಹೇಳುವುದಿಲ್ಲ, ಸುಮ್ನೆ ಇರುತ್ತಾರೆ. ಅದೇ ಜಾಸ್ತಿ ಕಷ್ಟ.

ಎಲ್ಲವನ್ನೂ ಮಾಡಿ ತೋರಿಸುವ ಆಸೆ ನನಗಿಲ್ಲ. ಯಾವುದನ್ನು ಮನೆಯಲ್ಲೇ ಮಾಡಿದರೆ ಚೆಂದ, ಯಾವುದನ್ನು ತಂದರೂ ನಡೆಯುತ್ತದೆ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ನಿಮ್ಮ ಮನೆ ಪದ್ಧತಿ ಹೇಳಿ. ಯೂಟ್ಯೂಬ್ ಲಿಂಕ್ ಬೇಡ, ದಯವಿಟ್ಟು.

ತಿಪಟೂರು_ಅಟ್ಟ
ಮೊದಲು ಕ್ಯಾಲೆಂಡರ್ ನೋಡಿ ಅಕ್ಕ. 2025ರಲ್ಲಿ ಪಿತೃಪಕ್ಷದ ಅಮಾವಾಸ್ಯೆ ಸೆಪ್ಟೆಂಬರ್ 21ಕ್ಕೆ, ನರಕ ಚತುರ್ದಶಿ ಅಕ್ಟೋಬರ್ 20ಕ್ಕೇ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಬಿದ್ದಿರುವುದರಿಂದ ಎಲ್ಲವೂ ತಡ. ಅಮಾವಾಸ್ಯೆ ಅಕ್ಟೋಬರ್ 10, ನರಕ ಚತುರ್ದಶಿ ನವೆಂಬರ್ 8. ಆದರೆ ಸಂಕ್ರಾಂತಿ ಸೂರ್ಯನ ಲೆಕ್ಕ, ಅದು ಜನವರಿ ಬಿಟ್ಟು ಅಲ್ಲಾಡುವುದಿಲ್ಲ. ಅಂದರೆ ದೀಪಾವಳಿಗೂ ಸಂಕ್ರಾಂತಿಗೂ ನಡುವೆ ಸಿಗುವ ಬಿಡುವು ಕಡಿಮೆ. ಎಳ್ಳಿನ ಕೆಲಸವನ್ನು ಡಿಸೆಂಬರ್ ಮೊದಲ ವಾರಕ್ಕೇ ಶುರು ಮಾಡಿ.

ಇನ್ನು ಎಳ್ಳಿಗೆ ಹಾಕುವ ಕೊಬ್ಬರಿ. ನಾನು ತಿಪಟೂರಿನವನು, ಪಕ್ಷಪಾತ ಮಾಡುತ್ತಿದ್ದೇನೆ ಎಂದುಕೊಂಡರೂ ಪರವಾಗಿಲ್ಲ. ಪ್ಯಾಕೆಟ್‌ನಲ್ಲಿ ಚೂರು ಮಾಡಿಟ್ಟ ಕೊಬ್ಬರಿ ತರಬೇಡಿ. ಉಂಡೆ ಕೊಬ್ಬರಿ ತನ್ನಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದಲ್ಲಿ ವರ್ಷದ ಹತ್ತಿರ ಇಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಬಿಸಿಲಿಗೆ ಒಡೆದು ಒಣಗಿಸಿದ ಕೊಬ್ಬರಿಗೆ ಆ ಸಿಹಿ ಇರುವುದಿಲ್ಲ. ಮೇಲಿನ ಕಂದು ಸಿಪ್ಪೆ ಹೆರೆದು, ತೆಳ್ಳಗೆ ಹೋಳು ಮಾಡಿ, ಆಮೇಲೆ ಸಣ್ಣ ಚೂರು. ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಜಾಸ್ತಿ ಇಟ್ಟರೆ ಎಣ್ಣೆ ಬಿಟ್ಟು ಹಳದಿ ಆಗುತ್ತದೆ. ರೇಟು ಮಾತ್ರ ಕೇಳಬೇಡಿ, ಬೆಳೆಯುವ ನಮಗೇ ಕೊಳ್ಳಲು ಭಯ.

ಮುಳಬಾಗಿಲು_ಗಡಿ
ನಮ್ಮ ಕಡೆ ಕಜ್ಜಾಯದ ವಿಷಯದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ನೋಮು ಇರುವ ಮನೆಯಲ್ಲಿ ಕಜ್ಜಾಯ ಮನೆಯಲ್ಲೇ ಆಗಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ದೀಪಾವಳಿಗೆ ಕೇದಾರೇಶ್ವರ ವ್ರತ ಮಾಡುತ್ತೇವಲ್ಲ, ಅದನ್ನೇ ಕೋಲಾರದ ಗಡಿ ಕಡೆ ನೋಮು ಎನ್ನುತ್ತೇವೆ. 21 ಎಳೆಯ ದಾರ, 21 ಕಜ್ಜಾಯ, 21 ವೀಳ್ಯದೆಲೆ, 21 ಅಡಿಕೆ, 21 ಅರಿಶಿನದ ಕೊಂಬು, ಬಾಳೆಹಣ್ಣು ಕೂಡ ಅಷ್ಟೇ. ಹೋದ ವರ್ಷದ ದಾರವನ್ನು ಜೋಪಾನವಾಗಿಟ್ಟು ಈ ವರ್ಷದ ಪೂಜೆಗೆ ತರಬೇಕು. ಮೊರದಲ್ಲಿ ಎಲ್ಲ ಜೋಡಿಸಿಕೊಂಡು, ಬಟ್ಟೆ ಮುಚ್ಚಿ, ದೇವಸ್ಥಾನಕ್ಕೆ ಹೋಗಿ ನೋಮಿಕೊಂಡು ಬರುತ್ತೇವೆ. ದೀಪಾವಳಿ ದಿನ ಸಂಜೆ ಮುಳಬಾಗಿಲು, ಶ್ರೀನಿವಾಸಪುರದ ಬೀದಿಯಲ್ಲಿ ನಿಂತರೆ ಸಾಲುಸಾಲು ಮೊರ ಹೋಗುವುದು ಕಾಣುತ್ತದೆ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ನೋಮು ಇಲ್ಲದ ಮನೆಯವರು ಆ ದಿನ ಕಜ್ಜಾಯ ಸುಡಬಾರದು ಎನ್ನುವ ಹಿರಿಯರೂ ಇದ್ದಾರೆ. ಹಾಗಾಗಿ ಪಕ್ಕದ ಮನೆಯವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅವರು ಅಂಗಡಿಯಿಂದ ತರಲಿ ಬಿಡಿ, ಪಾಪ.

ಶಿರಾ_ಸೀಮೆ
ಎಲ್ಲರೂ ಪಾಕ, ಪದ್ಧತಿ ಹೇಳುತ್ತಿದ್ದೀರಿ. ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡಿ. ಈ 21 ಕಜ್ಜಾಯ ಯಾರು ಸುಡುತ್ತಾರೆ? ಅಕ್ಕಿ ನೆನೆಸುವುದರಿಂದ ಬಾಣಲೆ ತೊಳೆಯುವ ತನಕ ಒಬ್ಬಳೇ ಹೆಂಗಸು. ಉಪವಾಸ ಬೇರೆ. ಮೊರ ಹೊತ್ತುಕೊಂಡು ಹೋಗುವಾಗ ಗಂಡಸರು ಪಂಚೆ ಉಟ್ಟು ಮುಂದೆ. ಸಂಪ್ರದಾಯ ಉಳಿಸಬೇಕು ಎಂದು ಬರೆಯುವವರಲ್ಲಿ ಎಷ್ಟು ಜನ ಎಣ್ಣೆ ಮುಂದೆ ನಿಂತಿದ್ದೀರಿ? ಕ್ಯಾತ್ಸಂದ್ರದ ಅಕ್ಕ, ನಿಮ್ಮವರು "ಅಂಗಡಿಯಲ್ಲಿ ಸಿಗುತ್ತೆ" ಎನ್ನುತ್ತಾರಲ್ಲ, "ಹಾಗಾದರೆ ನೀವೇ ಹೋಗಿ ತನ್ನಿ, ಎಳ್ಳನ್ನೂ ನೀವೇ ಹಂಚಿ" ಎಂದು ಹೇಳಿ ನೋಡಿ.

ಮುಳಬಾಗಿಲು_ಗಡಿ
@ಶಿರಾ_ಸೀಮೆ ನಮ್ಮ ಮನೆಯಲ್ಲಿ ಕಜ್ಜಾಯ ಒತ್ತುವುದು ನಾನೇ ಅಕ್ಕ. ಎಣ್ಣೆಯಿಂದ ಎತ್ತಿದ ತಕ್ಷಣ ಎರಡು ಜಾಲರಿಗಳ ನಡುವೆ ಇಟ್ಟು ಒತ್ತಬೇಕು, ಆ ಕೆಲಸ ಗಂಡಸಿನದು. ಆದರೆ ನೀವು ಹೇಳಿದ್ದು ಸುಳ್ಳಲ್ಲ. ಸುಡುವವರು ಅಮ್ಮ ಮತ್ತು ಚಿಕ್ಕಮ್ಮ.

ಶಿರಾ_ಸೀಮೆ
ಒತ್ತುವುದು. ಸರಿ ಅಣ್ಣ. ದೊಡ್ಡ ಕೆಲಸ.

ಚಿಂತಾಮಣಿ_ಅಜ್ಜಿಮನೆ
ಜಗಳ ಆಮೇಲೆ. ಮಾಡುವವರಿಗೆ ಕಜ್ಜಾಯದ ಸಂಗತಿ ನೇರವಾಗಿ ಹೇಳುತ್ತೇನೆ. ಎಲ್ಲರೂ ಪಾಕ ಪಾಕ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಅಕ್ಕಿಯ ತೇವದಲ್ಲೇ ಇದೆ.

ದೋಸೆಗೆ ಹಾಕುವ ದಪ್ಪ ಬೆಳ್ತಕ್ಕಿ ತೆಗೆದುಕೊಳ್ಳಿ. ಸ್ಟೀಮ್ ಅಕ್ಕಿ, ಕುಸುಬಲಕ್ಕಿ ಆಗುವುದಿಲ್ಲ. ಒಂದು ರಾತ್ರಿ ನೆನೆಸಿದರೂ ಸಾಕು, ನೀರು ಬದಲಾಯಿಸುತ್ತಾ ಎರಡು ದಿನ ಇಡುವವರೂ ಇದ್ದಾರೆ. ನೀರು ಬಸಿದು ಬಟ್ಟೆ ಮೇಲೆ ನೆರಳಲ್ಲಿ ಹರಡಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ನಾಲ್ಕು ಕಾಳು ಅಂಗೈಗೆ ಅಂಟಿಕೊಳ್ಳಬೇಕು, ಅಷ್ಟು ತೇವ ಇರುವಾಗಲೇ ಪುಡಿ ಮಾಡಬೇಕು. ಪೂರ್ತಿ ಒಣಗಿದರೆ ಕಜ್ಜಾಯ ಕಲ್ಲು. ದೀಪಾವಳಿ ಬೇಗ ಬಂದ ವರ್ಷ ಹಿಂಗಾರು ಮಳೆ ಹಿಡಿದುಕೊಂಡು ಅಕ್ಕಿ ಆರುವುದೇ ಇಲ್ಲ, ಆಗ ಫ್ಯಾನ್ ಕೆಳಗೆ ಹಾಕಿ. ಪುಡಿ ಜರಡಿ ಹಿಡಿದ ಕೂಡಲೇ ಡಬ್ಬಕ್ಕೆ ತುಂಬಿ ಒತ್ತಿ ಮುಚ್ಚಿಡಿ, ತೇವ ಹಾರಬಾರದು.

ಒಂದು ಕೇಜಿ ಅಕ್ಕಿಗೆ ಮುಕ್ಕಾಲು ಕೇಜಿ ಬೆಲ್ಲ. ಬೆಲ್ಲ ಕರಗಿಸಿ ಸೋಸಿ, ಮತ್ತೆ ಒಲೆಗೆ ಇಟ್ಟು ಕುದಿಸಿ. ಬಟ್ಟಲ ನೀರಿಗೆ ಒಂದು ಹನಿ ಬಿಟ್ಟರೆ ಕರಗದೆ ತಳದಲ್ಲಿ ಕೂರಬೇಕು, ಬೆರಳಲ್ಲಿ ಸೇರಿಸಿದರೆ ಮೆತ್ತನೆ ಉಂಡೆ ಆಗಬೇಕು. ಉಂಡೆ ತಟ್ಟೆಗೆ ಹಾಕಿದರೆ ಟಣ್ ಅಂದರೆ ಮುಂದೆ ಹೋಯಿತು ಎಂದರ್ಥ. ಇಳಿಸಿ ಗಸಗಸೆ, ಎಳ್ಳು, ಏಲಕ್ಕಿ ಹಾಕಿ, ಹಿಟ್ಟು ಸ್ವಲ್ಪ ಸ್ವಲ್ಪ ಬಿಡುತ್ತಾ ತಿರುವಿ. ಮೇಲೆ ತುಪ್ಪ ಸುರಿದು ಕನಿಷ್ಠ ಒಂದು ರಾತ್ರಿ ಬಿಡಿ. ಹಿಟ್ಟು ಮೊದಲು ಸಡಿಲ ಕಾಣುತ್ತದೆ, ಬೆಳಗ್ಗೆ ಹೊತ್ತಿಗೆ ಬಿಗಿಯುತ್ತದೆ, ಅದನ್ನು ನೋಡಿ ಹೆದರಿ ಮೊದಲೇ ಜಾಸ್ತಿ ಹಿಟ್ಟು ಸುರಿಯಬೇಡಿ. ಬೆಳಗ್ಗೆ ತೀರಾ ಬಿಗಿ ಇದ್ದರೆ ಬೆಚ್ಚಗಿನ ಹಾಲು ಒಂದೆರಡು ಚಮಚ ಚಿಮುಕಿಸಿ ನಾದಿ. ಎಣ್ಣೆಯಲ್ಲಿ ಹಾಕಿದ ತಕ್ಷಣ ಬಿಟ್ಟುಕೊಂಡರೆ ಪಾಕ ಎಳೆಯದು, ಉಳಿದ ಹಿಟ್ಟಿಗೆ ಸ್ವಲ್ಪ ಅಕ್ಕಿ ಹಿಟ್ಟು ಸೇರಿಸಿದರೆ ನಿಲ್ಲುತ್ತದೆ. ಉರಿ ಮಧ್ಯಮ. ಒಂದೊಂದೇ ಬಿಡಿ.

ಇಷ್ಟು ಓದಿ ಸುಸ್ತಾದರೆ ಅಂಗಡಿ ಇದೆ. ನೋಮು ಇಲ್ಲದ ಮನೆಗೆ ಯಾವ ದೋಷವೂ ಇಲ್ಲ.

ಕ್ಯಾತ್ಸಂದ್ರ_ಸೊಸೆ
ಅಕ್ಕಾ ತುಂಬಾ ಥ್ಯಾಂಕ್ಸ್. ನಮ್ಮನೆಯಲ್ಲಿ ನೋಮು ಇಲ್ಲ, ಆದರೆ ಕಜ್ಜಾಯ ಇಲ್ಲದ ದೀಪಾವಳಿಯನ್ನು ಮಾವ ಒಪ್ಪುವುದಿಲ್ಲ. ಒಂದು ಅನುಮಾನ. ನೆನೆಸಿದ ಅಕ್ಕಿಯನ್ನು ಮಿಲ್‌ನವರು ಹಾಕಿಕೊಡುತ್ತಾರಾ?

ಚಿಂತಾಮಣಿ_ಅಜ್ಜಿಮನೆ
ಬೇರೆ ದಿನ ಒಪ್ಪುವುದಿಲ್ಲ, ಕಲ್ಲಿಗೆ ಹಿಟ್ಟು ಮೆತ್ತಿಕೊಳ್ಳುತ್ತದೆ. ದೀಪಾವಳಿ ಹಿಂದಿನ ಎರಡು ಮೂರು ದಿನ ಮಾತ್ರ ಎಷ್ಟೋ ಕಡೆ ಕಜ್ಜಾಯದ ಅಕ್ಕಿಗೇ ಒಂದು ಕಲ್ಲು ಬಿಟ್ಟಿರುತ್ತಾರೆ. ಮೊದಲೇ ಕೇಳಿಕೊಳ್ಳಿ. ನಿಮ್ಮ ಮುಂದಿನವರು ರಾಗಿ ಹಾಕಿಸಿದ್ದರೆ ಮೊದಲ ಹಿಡಿ ಹಿಟ್ಟು ಬೇರೆ ತೆಗೆಯಿರಿ. ಒಂದು ಕೇಜಿ ಒಳಗೆ ಇದ್ದರೆ ಮಿಕ್ಸಿ ಸಾಕು, ಜಾರ್ ಬಿಸಿ ಆಗದ ಹಾಗೆ ಸ್ವಲ್ಪ ಸ್ವಲ್ಪವೇ ಹಾಕಿ.

ಗೌರಿಬಿದನೂರು_ಗೊಂಬೆ
ನನ್ನದು ಅಡುಗೆ ಅಲ್ಲ, ಗೊಂಬೆ. ಅಕ್ಕ, ಅಡುಗೆಯಲ್ಲಿ ಏನು ಬಿಟ್ಟರೂ ಪರವಾಗಿಲ್ಲ, ಗೊಂಬೆ ಕೂರಿಸುವುದನ್ನು ಬಿಡಬೇಡಿ. ಅದು ಮಕ್ಕಳ ಹಬ್ಬ. ಮೂರು ಮೆಟ್ಟಿಲು ಸಾಕು. ಮೆಟ್ಟಿಲು ಬೆಸ ಸಂಖ್ಯೆ ಇರಲಿ, ಪಟ್ಟದ ಗೊಂಬೆ ಮೇಲೆ ಇರಲಿ. ಪಟ್ಟದ ಗೊಂಬೆಗೆ ಪ್ರತಿ ವರ್ಷ ಹೊಸ ಬಟ್ಟೆ ಹೊಲಿಯುವುದು ನಮ್ಮನೆಯಲ್ಲಿ ಎಲ್ಲಕ್ಕಿಂತ ಮಜಾ ಇರುವ ಕೆಲಸ. ಹಳೆ ರೇಷ್ಮೆ ಸೀರೆಯ ಅಂಚು ಇದ್ದರೆ ಸಾಕು. ಪೇಟಕ್ಕೆ ಅಂಚು, ರಾಣಿಗೆ ನೆರಿಗೆ ಹಿಡಿದು ದಾರ ಕಟ್ಟಿದರೆ ಸೀರೆ. ಹೊಲಿಗೆ ಬರಬೇಕು ಅಂತಲೂ ಇಲ್ಲ.

ಪಾರ್ಕ್ ಮಾಡಲು ಪ್ಲಾಸ್ಟಿಕ್ ಹುಲ್ಲು ತರಬೇಡಿ. ರಾಗಿ ರಾತ್ರಿ ನೆನೆಸಿ, ತಟ್ಟೆಯಲ್ಲಿ ತೆಂಗಿನ ನಾರಿನ ಪುಡಿ ಅಥವಾ ಮಣ್ಣು ತೆಳ್ಳಗೆ ಹಾಸಿ, ಮೇಲೆ ಒತ್ತಾಗಿ ಚೆಲ್ಲಿ, ಒದ್ದೆ ಬಟ್ಟೆ ಮುಚ್ಚಿ. ಮೊಳಕೆ ಕಂಡ ಮೇಲೆ ಬಟ್ಟೆ ತೆಗೆದು ಬೆಳಕಿಗೆ ಇಡಿ. ವಾರದಲ್ಲಿ ಎರಡು ಬೆರಳು ಎತ್ತರ ಪೈರು. ಅಂದರೆ ಪಿತೃಪಕ್ಷ ಮುಗಿಯಲು ಒಂದು ವಾರ ಇರುವಾಗಲೇ ಚೆಲ್ಲಿದರೆ ನವರಾತ್ರಿ ಪಾಡ್ಯದ ಹೊತ್ತಿಗೆ ಹಸಿರು ಸಿದ್ಧ. ಬೇಗ ಬೇಕಿದ್ದರೆ ಸಾಸಿವೆ. ಮೆಂತ್ಯ ಹಾಕಿದರೆ ಹಬ್ಬ ಮುಗಿದ ಮೇಲೆ ಸಾರಿಗೂ ಆಗುತ್ತದೆ, ನಮ್ಮಮ್ಮನ ಬುದ್ಧಿ.

ಸಂಜೆಯ ಚರ್ಪಿಗೂ, ಅಂದರೆ ಗೊಂಬೆ ನೋಡಲು ಬರುವ ಮಕ್ಕಳಿಗೆ ಕೊಡುವ ತಿಂಡಿಗೂ, ತಲೆ ಕೆಡಿಸಿಕೊಳ್ಳಬೇಡಿ. ಒಂದು ದಿನ ಕಡಲೆಕಾಳು ಉಸಲಿ, ಒಂದು ದಿನ ಹೆಸರುಕಾಳು, ಒಂದು ದಿನ ಪುರಿ. ಬೀದಿ ಮಕ್ಕಳು ಬಂದು "ಆಂಟಿ, ಗೊಂಬೆ ಕೂರಿಸಿದ್ದೀರಾ?" ಎಂದು ಕೇಳಿದಾಗ ಬಾಗಿಲು ತೆಗೆದರೆ ಆಯಿತು. ಈಗ ಅಪಾರ್ಟ್‌ಮೆಂಟ್‌ಗಳಲ್ಲಿ ಮಕ್ಕಳು ಹೀಗೆ ಕೇಳಿಕೊಂಡು ಬರುವುದೇ ಇಲ್ಲ, ತಾಯಂದಿರು ಫೋನ್ ಮಾಡಿ ಟೈಮ್ ಕೇಳುತ್ತಾರೆ.

ಸುಮ್ನೆ_ಓದುಗ
ಗೊಂಬೆ ಎಲ್ಲ ಮೇಲ್ವರ್ಗದ ಮನೆಗಳ ಹಬ್ಬ ಅಲ್ವಾ? ನಮ್ಮ ಹಳ್ಳಿಯಲ್ಲಿ ಯಾರೂ ಕೂರಿಸುತ್ತಿರಲಿಲ್ಲ. ನಮ್ಮದು ಮಾರ್ನಾಮಿ ಅಂದರೆ ಹಿರಿಯರ ಹಬ್ಬ. ಹೊಸ ಬಟ್ಟೆ ಇಟ್ಟು, ಹಿರಿಯರಿಗೆ ಇಷ್ಟವಾಗಿದ್ದನ್ನೆಲ್ಲ ಎಡೆ ಹಾಕಿ, ಒಡೆ, ಪಾಯಸದ ಪಕ್ಕದಲ್ಲೇ ಮಟನ್ ಸಾರು. ನಮ್ಮ ತಾತನಿಗೆ ಬೀಡಿ ಕೂಡ ಇಡುತ್ತಾರೆ.

ಗೌರಿಬಿದನೂರು_ಗೊಂಬೆ
@ಸುಮ್ನೆ_ಓದುಗ ಹಿಂದೆ ಹಾಗೇ ಇತ್ತು, ಒಪ್ಪುತ್ತೇನೆ. ಚನ್ನಪಟ್ಟಣದ ಗೊಂಬೆ ಎಲ್ಲರಿಗೂ ಸಿಗುವ ಹಾಗಾದ ಮೇಲೆ ಈಗ ಯಾರು ಬೇಕಾದರೂ ಕೂರಿಸುತ್ತಾರೆ, ನಮ್ಮ ಬೀದಿಯಲ್ಲಂತೂ ಜಾತಿ ಲೆಕ್ಕ ಇಲ್ಲ. ಅಂದಹಾಗೆ ಚನ್ನಪಟ್ಟಣದ್ದು ಅಂತ ತರುವಾಗ ಮುಟ್ಟಿ ನೋಡಿ. ಹಾಲೆ ಮರದ್ದು ಹಗುರ ಇರುತ್ತದೆ, ಅರಗಿನ ಬಣ್ಣ ಉಗುರಿಗೆ ಏಳುವುದಿಲ್ಲ. ರಸ್ತೆ ಬದಿ ಸಿಗುವ ಪ್ಲಾಸ್ಟಿಕ್‌ಗೂ ಅದೇ ಹೆಸರು ಹೇಳಿ ಮಾರುತ್ತಾರೆ.

ಶಿಡ್ಲಘಟ್ಟ_ಚಂದ್ರಿಕೆ
ಗೊಂಬೆ ಅಲಂಕಾರ ಅಂದಿರಿ, ಹಾಗಾಗಿ ಬಂದೆ. ನಮ್ಮ ಊರಿನಲ್ಲಿ ರೇಷ್ಮೆ ಗೂಡಿಗೆ ಬರ ಇಲ್ಲ. ಚಿಟ್ಟೆ ಹೊರಗೆ ಬಂದ ಗೂಡನ್ನು ನೂಲು ಬಿಚ್ಚುವವರು ಮುಟ್ಟುವುದಿಲ್ಲ. ಗೂಡೆಲ್ಲ ಒಂದೇ ಉದ್ದನೆಯ ಎಳೆ, ಚಿಟ್ಟೆ ತೂತು ಮಾಡಿಕೊಂಡು ಬಂದರೆ ಆ ಎಳೆ ತುಂಡು ತುಂಡು. ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಇಂಥ ತೂತು ಗೂಡು ರಾಶಿ ಇರುತ್ತದೆ. ಅದನ್ನು ತಂದು ಒಳಗಿನ ಪೊರೆ ಕೊಡವಿ ಕತ್ತರಿಯಲ್ಲಿ ಉದ್ದಕ್ಕೆ ಸೀಳಿದರೆ ದಳ. ಬಿಸಿ ನೀರಿಗೆ ಬಣ್ಣ ಹಾಕಿ ಅದ್ದಿದರೆ ರೇಷ್ಮೆ ಅಲ್ವಾ, ಬಣ್ಣ ಚೆನ್ನಾಗಿ ಕುಡಿಯುತ್ತದೆ. ನೆರಳಲ್ಲಿ ಒಣಗಿಸಿ ತಂತಿಗೆ ಪೋಣಿಸಿದರೆ ಸೇವಂತಿಗೆ, ಗುಲಾಬಿ, ತೋರಣ, ಏನು ಬೇಕಾದರೂ. ವರ್ಷಗಟ್ಟಲೆ ಇರುತ್ತದೆ. ಆಯುಧಪೂಜೆ ವಾರದಲ್ಲಿ ಚಿಕ್ಕಬಳ್ಳಾಪುರದ ಮಾರುಕಟ್ಟೆಯಲ್ಲಿ ಮಾರು ಸೇವಂತಿಗೆ ರೇಟು ಕೇಳಿದ ಮೇಲೆ ಈ ಹಾರ ಬೇಡ ಎನ್ನುವವರು ಕಡಿಮೆ. ದೇವರಿಗೆ ಮಾತ್ರ ನಿಜವಾದ ಹೂವು, ಬಾಗಿಲಿಗೆ ಇದು.

ಹಳೆ ಬಿದಿರಿನ ಚಂದ್ರಿಕೆ, ಅಂದರೆ ರೇಷ್ಮೆ ಹುಳು ಗೂಡು ಕಟ್ಟಲು ಬಿಡುವ ತಟ್ಟಿ, ಸಿಕ್ಕರೆ ಬಿಡಬೇಡಿ. ಈಗ ತುಂಬಾ ಜನ ಪ್ಲಾಸ್ಟಿಕ್ ಚಂದ್ರಿಕೆಗೆ ಬದಲಾಗಿದ್ದಾರೆ, ಹಳೆಯದು ಕೊಟ್ಟಿಗೆಯಲ್ಲಿ ಬಿದ್ದಿರುತ್ತದೆ. ಸುತ್ತು ಸುತ್ತಾಗಿ ಹೆಣೆದ ಆ ತಟ್ಟಿಯನ್ನು ಗೊಂಬೆಗಳ ಹಿಂದೆ ಗೋಡೆಗೆ ಒರಗಿಸಿ, ನಡುವೆ ಸಣ್ಣ ಲೈಟ್ ಸರ ಬಿಡಿ.

ಶಿರಾ_ಸೀಮೆ
ಇದು ಚೆನ್ನಾಗಿದೆ. ಬೆಂಗಳೂರಿನಲ್ಲಿ ಇದನ್ನೇ ಸಾವಿರಾರು ರೂಪಾಯಿಗೆ ಮಾರುತ್ತಾರೆ, ಕೊಟ್ಟಿಗೆಯವರಿಗೆ ಹೇಳಬೇಡಿ ಮತ್ತೆ.

ನಮ್ಮ ಶಿರಾ ಕಡೆ ದೀಪಾವಳಿ ಅಂದರೆ ದನದ ಹಬ್ಬ. ಪಟಾಕಿ ಆಮೇಲೆ ಬಂದದ್ದು. ನೀರು ತುಂಬುವ ದಿನ ಹಂಡೆ ಬೆಳಗಿ ಸುಣ್ಣ, ಕೆಮ್ಮಣ್ಣಿನ ಗೆರೆ ಎಳೆಯುತ್ತೇವೆ. ಬಲಿಪಾಡ್ಯಮಿಗೆ ಹೊಸ್ತಿಲ ಎರಡೂ ಕಡೆ ಸಗಣಿಯ ಪುಟ್ಟ ಗುಪ್ಪೆ ಇಟ್ಟು, ಅದಕ್ಕೆ ಹುಚ್ಚೆಳ್ಳು ಹೂ, ಚೆಂಡು ಹೂ, ಉತ್ತರಾಣಿ ಕಡ್ಡಿ ಸಿಗಿಸುತ್ತೇವೆ. ಸಂಜೆ ತಿಪ್ಪೆಗೂ ದೀಪ ಇಡುತ್ತೇವೆ. ವರ್ಷವಿಡೀ ಹೊಲಕ್ಕೆ ಗೊಬ್ಬರ ಕೊಡುವ ತಿಪ್ಪೆ, ಅದಕ್ಕೊಂದು ದೀಪ ಬೇಡವೇ? ನನ್ನ ಮಕ್ಕಳಿಗೆ ಇಡೀ ಹಬ್ಬದಲ್ಲಿ ಇಷ್ಟವಾಗುವುದು ಇದೇ. ಖರ್ಚೂ ಇಲ್ಲ, ಎಣ್ಣೆ ಮುಂದೆ ನಿಲ್ಲುವುದೂ ಇಲ್ಲ.

ಕೆಜಿಎಫ್_ಚಾಂಪಿಯನ್_ರೀಫ್
ನಮ್ಮ ಹಬ್ಬ ಡಿಸೆಂಬರ್‌ನದು. ಸೇರಿಸಿಕೊಳ್ಳುತ್ತೀರಾ? ರಾಗಿ ಪೈರು ಓದಿ ಖುಷಿಯಾಯಿತು. ನಾವು ಕ್ರಿಸ್‌ಮಸ್‌ಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮಾಡುವಾಗ ಅದೇ ರಾಗಿ, ಅದೇ ತಟ್ಟೆ. ಡಿಸೆಂಬರ್ 15ರ ಹೊತ್ತಿಗೆ ಚೆಲ್ಲುತ್ತೇವೆ, ಚಳಿಗೆ ಮೊಳಕೆ ಸ್ವಲ್ಪ ನಿಧಾನ. ಬೆಟ್ಟ ಮಾಡಲು ಸಿಮೆಂಟ್ ಚೀಲದ ಕಾಗದವನ್ನು ಮುದುರಿ ಬಣ್ಣ ಹಚ್ಚುತ್ತೇವೆ. ಬಿದಿರು ಸೀಳಿ ನಕ್ಷತ್ರ ಕಟ್ಟಿ ಬಣ್ಣದ ಕಾಗದ ಅಂಟಿಸುವುದು ಹುಡುಗರ ಕೆಲಸ.

ತಿಂಡಿ ಅಂದರೆ ರೋಸ್ ಕುಕ್ಕಿ ಮತ್ತು ಕಲ್‌ಕಲ್. ರೋಸ್ ಕುಕ್ಕಿಯ ಕಬ್ಬಿಣದ ಅಚ್ಚು ಹೊಸದಾದರೆ ಒಂದು ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಡಿ. ಸುಡುವಾಗ ಅಚ್ಚು ಮೊದಲು ಕಾದ ಎಣ್ಣೆಯಲ್ಲಿ ಬಿಸಿಯಾಗಬೇಕು, ಆಮೇಲೆ ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿತು ಅಂದರೆ ಹಿಟ್ಟು ಮೇಲಿಂದ ಕಟ್ಟಿಕೊಂಡು ಬಿಡುವುದೇ ಇಲ್ಲ. ಕಲ್‌ಕಲ್‌ಗೆ ಹೊಸ ಬಾಚಣಿಗೆ ಅಥವಾ ಫೋರ್ಕ್‌ನ ಬೆನ್ನು. ಸಣ್ಣ ಗೋಲಿಯಷ್ಟು ಹಿಟ್ಟನ್ನು ಅದರ ಮೇಲೆ ಒತ್ತಿ ಸುರುಳಿ ಸುತ್ತಬೇಕು. ಒಬ್ಬರು ಕೂತರೆ ಇಡೀ ದಿನ, ಹತ್ತು ಜನ ಕೂತರೆ ಮಾತು ಮುಗಿಯುವ ಮೊದಲೇ ಮುಗಿದಿರುತ್ತದೆ.

ನಮ್ಮ ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆಮೇಲೆ ಊರಿನ ಅರ್ಧ ಜನ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು, ಇನ್ನರ್ಧ ಅಲ್ಲೇ ನೆಲೆಸಿದವರು. ಕ್ರಿಸ್‌ಮಸ್ ವಾರ ಮಾತ್ರ ಗಣಿ ಲೈನ್ ಮನೆಗಳು ತುಂಬುತ್ತವೆ. ಕೇಕ್ ಎಲ್ಲರೂ ಬೇಕರಿಯಿಂದಲೇ ತರುತ್ತೇವೆ ಈಗ, ಯಾರೂ ತಪ್ಪು ಹೇಳುವುದಿಲ್ಲ. ಕಲ್‌ಕಲ್ ತಂದರೆ ಮಾತ್ರ ಅತ್ತೆಯಂದಿರು ಮುಖ ಸಿಂಡರಿಸುತ್ತಾರೆ. ಹತ್ತು ಜನ ಕೂರುವುದೇ ತಪ್ಪಿಹೋಗುತ್ತದೆ ಅಲ್ವಾ, ಅದಕ್ಕೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ ಅಕ್ಕ: ನಾಲ್ಕು ಕೈ ಸೇರುವಂಥದ್ದನ್ನು ಮನೆಯಲ್ಲಿ ಮಾಡಿ, ಒಬ್ಬರ ಬೆನ್ನು ಮುರಿಯುವಂಥದ್ದನ್ನು ತನ್ನಿ.

ಶಿರಾ_ಸೀಮೆ
ಇದನ್ನೇ ನಾನು ಹೇಳಬೇಕು ಅಂತಿದ್ದೆ. ನನಗೆ ಸಿಟ್ಟಿನಲ್ಲಿ ಮಾತು ಬರಲಿಲ್ಲ.

ಮುಳಬಾಗಿಲು_ಗಡಿ
ಪೂರ್ತಿ ಒಪ್ಪಲಾರೆ. ನಾಲ್ಕು ಕೈ ಸೇರದ ಮನೆ ಎಷ್ಟಿಲ್ಲ? ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಒಬ್ಬರೇ ಇದ್ದಾರೆ, ಮಕ್ಕಳು ಹೊರದೇಶದಲ್ಲಿ. ಆದರೂ ಒಂದು ಸೇರು ಅಕ್ಕಿ ನೆನೆಸಿ ಕಜ್ಜಾಯ ಸುಡುತ್ತಾರೆ. ಅವರಿಗೆ ಅಂಗಡಿಯಿಂದ ತನ್ನಿ ಎಂದರೆ ಸಿಟ್ಟು ಬರುತ್ತದೆ. ಆ ಒಂದು ವಾರ ಕೈಗೆ ಕೆಲಸ ಇರುತ್ತದೆ ಅಂತ ಅವರೇ ಹೇಳಿದ್ದಾರೆ.

ಶಿರಾ_ಸೀಮೆ
ಆಸೆಪಟ್ಟು ಮಾಡುವವರನ್ನು ನಾನು ಬೇಡ ಅಂದೆನೇ? ಬೇರೆಯವರ ಆಸೆಗೆ ದುಡಿಯುವವರ ಬಗ್ಗೆ ಹೇಳಿದ್ದು.

ಕೋಲಾರ_ಸೊನೆ
ಬನ್ನಿ, ಈಗ ಅವರೆಕಾಯಿ. ನಾಲ್ಕು ಕೈ ಕೆಲಸ ಅಂದರೆ ಹಿತಕಿದ ಬೇಳೆಯೇ. ರಾತ್ರಿ ಊಟ ಆದ ಮೇಲೆ ದೊಡ್ಡ ಬೇಸಿನ್ ನಡುವೆ ಇಟ್ಟು, ನೆನೆಸಿದ ಕಾಳು ಹಿತಕುತ್ತಾ ಕೂತರೆ ಯಾರ ಮನೆಯಲ್ಲಿ ಯಾರಿಗೆ ಗಂಡು ನೋಡುತ್ತಿದ್ದಾರೆ ಎನ್ನುವುದರಿಂದ ಹಿಡಿದು ಎಲ್ಲ ಹೊರಗೆ ಬರುತ್ತದೆ. ನಮ್ಮ ಅಣ್ಣತಮ್ಮಂದಿರು ಕ್ರಿಕೆಟ್ ನೋಡುತ್ತಾ ಹಿತಕುತ್ತಾರೆ. ವಿಕೆಟ್ ಬಿದ್ದಾಗ ಬೇಳೆ ಟಿವಿ ತನಕ ಹಾರುತ್ತದೆ.

ನಾಟಿ ಅವರೆ ಹಗಲು ಚಿಕ್ಕದಾದರೆ ಮಾತ್ರ ಹೂ ಬಿಡುವುದು. ಅದಕ್ಕೇ ನಮ್ಮ ಕಡೆ ಅದು ಚಳಿಗಾಲದ ಬೆಳೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ತಳಿಗಳಿಗೆ ಆ ಹಂಗಿಲ್ಲ, ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಬಿಡುತ್ತವೆ. ಆದ್ದರಿಂದ ಈಗ ಬೇಸಿಗೆಯಲ್ಲೂ ಅವರೆಕಾಯಿ ಕಾಣುತ್ತೀರಿ. ತಿನ್ನಿ, ಬೇಡ ಎನ್ನುವುದಿಲ್ಲ. ಆದರೆ ಇಬ್ಬನಿ ಕುಡಿದ ನಾಟಿ ಕಾಯಿಯ ಸೊನೆ ಬೇರೆ. ಕೈಗೆ ಅಂಟಬೇಕು, ತೊಳೆದರೂ ವಾಸನೆ ಉಳಿಯಬೇಕು. 2026ರ ದೀಪಾವಳಿ ನವೆಂಬರ್‌ನಲ್ಲಿ ಇರುವುದರಿಂದ ಹಬ್ಬದ ಹಿಂದೆಯೇ ಮೊದಲ ಕಾಯಿ ಸಿಗಬಹುದು. ಸೊನೆ ಜೋರಾಗುವುದು ಮಾತ್ರ ಡಿಸೆಂಬರ್‌ನಲ್ಲೇ.

ಸುಲಿದ ಕಾಳನ್ನು ರಾತ್ರಿ ನೆನೆಸಿದರೆ ಬೆಳಗ್ಗೆ, ಬೆಳಗ್ಗೆ ನೆನೆಸಿದರೆ ಸಂಜೆ ಹಿತಕಬಹುದು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಜಾರಬೇಕು. ಸಾರಿಗೆ ತೆಂಗಿನಕಾಯಿ, ಶುಂಠಿ, ಬೆಳ್ಳುಳ್ಳಿ, ಗಸಗಸೆ, ಚಕ್ಕೆ, ಲವಂಗ, ಕೊತ್ತಂಬರಿ ರುಬ್ಬಿ ಹಾಕಿ. ಬೇಳೆ ಬೇಗ ಬೇಯುತ್ತದೆ, ಕುಕ್ಕರ್ ಕೂಗಿಸಬೇಡಿ, ಕರಗಿಹೋಗುತ್ತದೆ. ಜೊತೆಗೆ ಮುದ್ದೆ. ಕರಿಯುವ ಬೇಳೆ ಆದರೆ ಬಟ್ಟೆ ಮೇಲೆ ಹರಡಿ ನೀರು ಪೂರ್ತಿ ಆರಿಸಿ, ಇಲ್ಲವೆಂದರೆ ಎಣ್ಣೆ ಮುಖಕ್ಕೆ ಸಿಡಿಯುತ್ತದೆ. ಈಗ ಹಿತಕಿದ ಬೇಳೆ ಪ್ಯಾಕೆಟ್ ಮಾರುತ್ತಾರೆ. ತುರ್ತಿಗೆ ಸರಿ. ಮಾಡುವವರ ಕೈಗೆ ಅದು ಸಂಪಾದನೆಯೂ ಹೌದು.

ಕೊರಟಗೆರೆ_ಹತ್ತಿ
ಯಾರೂ ಗೆಜ್ಜೆವಸ್ತ್ರ ಹೇಳಲಿಲ್ಲ! ಕ್ಯಾತ್ಸಂದ್ರದ ಅಮ್ಮಣ್ಣಿ, ನಿಮ್ಮ ಅತ್ತೆ ಕುರ್ಚಿಯಲ್ಲೇ ಕೂತು ಮಾಡಬಹುದಾದ ಕೆಲಸ ಇದು. ನನಗೂ ಮಂಡಿ ಹೋಗಿದೆ, ಮಾಡುವುದು ಇದನ್ನೇ. ಬೀಜ ತೆಗೆದ ಹತ್ತಿಯನ್ನು ಬಿಡಿಸಿ, ಬೆರಳಿಗೆ ಚೂರು ಹಾಲು ಇಲ್ಲವೇ ವಿಭೂತಿ ಹಚ್ಚಿಕೊಂಡು, ಅಷ್ಟಷ್ಟು ದೂರಕ್ಕೆ ಹೊಸೆದು ನಡುನಡುವೆ ಉಬ್ಬು ಬಿಡುತ್ತಾ ಹೋಗಬೇಕು. ಉಬ್ಬಿಗೆ ಅರಿಶಿನ ಕುಂಕುಮದ ಚುಕ್ಕೆ. ಹೂಬತ್ತಿಯೂ ಹಾಗೇ, ಕೆಳಗೆ ಅಗಲ, ತುದಿ ಚೂಪು. ಕಾರ್ತಿಕ ಮಾಸಕ್ಕೆ ಎಷ್ಟಿದ್ದರೂ ಸಾಲುವುದಿಲ್ಲ. ಸೋಮವಾರ ದೇವಸ್ಥಾನ, ದಿನಾ ತುಳಸಿ, ಉತ್ಥಾನ ದ್ವಾದಶಿಗೆ ನೆಲ್ಲಿಕಾಯಿ ಮೇಲೆ ಬತ್ತಿ. ಅಂಗಡಿಯಲ್ಲಿ ಈಗ ಮೆಷಿನ್ ಬತ್ತಿ ಬರುತ್ತದೆ, ಗಟ್ಟಿ ಸುತ್ತಿರುತ್ತಾರೆ, ಎಣ್ಣೆ ಎಳೆಯುವುದಿಲ್ಲ, ಬೇಗ ಕರಿ ಕಟ್ಟುತ್ತದೆ.

ನಿಮ್ಮ ಅತ್ತೆ ಸುಮ್ಮನಿದ್ದಾರೆ ಎಂದಿರಲ್ಲ. ಹತ್ತಿ ತಂದು ಮುಂದೆ ಇಡಿ. ಕೇಳಬೇಡಿ.

ಕ್ಯಾತ್ಸಂದ್ರ_ಸೊಸೆ
ಅಮ್ಮಾ, ಇಂದೇ ತಂದೆ. ನಾನು ಚೀಲ ಇಳಿಸುವ ಮೊದಲೇ "ಇದು ಬೀಜ ಇರುವ ಹತ್ತಿ, ಯಾರು ಕೊಟ್ಟದ್ದು ನಿನಗೆ" ಎಂದು ಶುರು ಮಾಡಿದರು. ಮಗಳನ್ನು ಕೂರಿಸಿಕೊಂಡು ಬೀಜ ತೆಗೆಸುತ್ತಿದ್ದಾರೆ ಈಗ.

ಹೀಗೆ ಮಾಡುತ್ತೇನೆ ಅಂದುಕೊಂಡಿದ್ದೇನೆ. ಎಡೆ ಅಡುಗೆ ನಾದಿನಿ ಮನೆಯವರ ಜೊತೆ ಸೇರಿ. ಗೊಂಬೆ ಮೂರು ಮೆಟ್ಟಿಲು, ರಾಗಿ ಪೈರು ಮಗಳ ಪಾಲು. ಕಜ್ಜಾಯ ಅರ್ಧ ಕೇಜಿ ಮಾತ್ರ ಮನೆಯಲ್ಲಿ, ನೆಂಟರಿಗೆ ಕೊಡುವುದು ಅಂಗಡಿಯದು. ಅತ್ತೆ ಪಾಕ ನೋಡುತ್ತಾರೆ, ಯಜಮಾನರು ಒತ್ತುತ್ತಾರೆ 😄. ಅವರೆಕಾಯಿ ಎಲ್ಲರೂ. ಉಳಿದದ್ದು ಎಳ್ಳು ಮತ್ತು ಸಕ್ಕರೆ ಅಚ್ಚು. ಮರದ ಅಚ್ಚು ಮನೆಯಲ್ಲಿ ಇದೆ, ಆದರೆ ಅತ್ತೆ ಅದನ್ನು ಮಾಡಿ ಎಷ್ಟೋ ವರ್ಷ ಆಯಿತು. ಗೊತ್ತಿರುವವರು ಹೇಳಿ.

ತಿಪಟೂರು_ಅಟ್ಟ
ಸಕ್ಕರೆ ಅಚ್ಚು ನಮ್ಮನೆಯಲ್ಲಿ ನನ್ನ ಕೆಲಸ. ಗಂಡಸರು ಮಾಡುವುದಿಲ್ಲ ಎಂದವರು ಓದಿಕೊಳ್ಳಿ.

ಅಚ್ಚನ್ನು ರಾತ್ರಿಯೇ ನೀರಲ್ಲಿ ನೆನೆಸಿ, ಒಣ ಮರ ಪಾಕವನ್ನು ಹಿಡಿದುಕೊಳ್ಳುತ್ತದೆ. ಬೆಳಗ್ಗೆ ನೀರು ಒರೆಸಿ ಜೋಡಿ ಸೇರಿಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಸಕ್ಕರೆ ಮುಳುಗುವಷ್ಟೇ ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಬಿಡಿ. ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಒದ್ದೆ ಬಟ್ಟೆಯಲ್ಲಿ ಸೋಸಿ. ಹೀಗೆ ಇನ್ನೊಮ್ಮೆ ಮಾಡಿದರೆ ಅಚ್ಚು ಬೆಳ್ಳಗೆ ಬರುತ್ತದೆ. ಈ ಪಾಕವನ್ನು ಒಟ್ಟಿಗೆ ಕಾಯಿಸಬೇಡಿ. ಒಂದೊಂದು ಲೋಟ ಸಣ್ಣ ಪಾತ್ರೆಗೆ ಹಾಕಿಕೊಂಡು, ಎಳೆ ಬರುವ ತನಕ ಕುದಿಸಿ, ಇಳಿಸಿ, ಸೌಟಿನಿಂದ ಪಾತ್ರೆಯ ಅಂಚಿಗೆ ಉಜ್ಜುತ್ತಾ ತಿರುವಿ. ಪಾರದರ್ಶಕ ಇದ್ದದ್ದು ಮಂಜಾಗಿ ಹಾಲಿನ ಬಣ್ಣಕ್ಕೆ ತಿರುಗುವ ಗಳಿಗೆಯಲ್ಲಿ ಅಚ್ಚಿಗೆ ಸುರಿಯಬೇಕು. ಮೊದಲು ಸುರಿದರೆ ಸಂದಿಯಲ್ಲಿ ಸೋರುತ್ತದೆ, ತಡವಾದರೆ ಪಾತ್ರೆಯಲ್ಲೇ ಕೂತುಬಿಡುತ್ತದೆ. ಕೂತರೆ ಅಳಬೇಡಿ, ನೀರು ಚಿಮುಕಿಸಿ ಮತ್ತೆ ಕಾಯಿಸಿ. ಐದು ಹತ್ತು ನಿಮಿಷಕ್ಕೆ ಗಟ್ಟಿ. ಅಚ್ಚು ಬಿಚ್ಚುವಾಗ ಎಳೆಯಬೇಡಿ, ಬದಿಗೆ ಮೆಲ್ಲಗೆ ತಟ್ಟಿ. ಆನೆಯ ಸೊಂಡಿಲು, ಗಿಳಿಯ ಕೊಕ್ಕು ಮೊದಲು ಮುರಿಯುವುದು, ಮುರಿದದ್ದು ಮಕ್ಕಳಿಗೆ.

ಸುಮ್ನೆ_ಓದುಗ
ಅಚ್ಚು ಇಲ್ಲದವರು ಏನು ಮಾಡಬೇಕು?

ತಿಪಟೂರು_ಅಟ್ಟ
ಬೆಂಗಳೂರಿನ ಗಾಂಧಿ ಬಜಾರ್‌ನಲ್ಲಿ ಸಂಕ್ರಾಂತಿ ಹತ್ತಿರ ಹುಡುಕಿ. ಸಿಲಿಕಾನ್ ಅಚ್ಚಿನಲ್ಲೂ ಆಗುತ್ತದೆ, ಬಿಡಿಸುವುದು ಇನ್ನೂ ಸುಲಭ, ಆದರೆ ಅದರಲ್ಲಿ ಮಿಕ್ಕಿ ಮೌಸ್ ಬರುತ್ತದೆ. ನಮ್ಮ ತಂಗಿ ಮಗನಿಗೆ ಅದೇ ಬೇಕಂತೆ.

ಕ್ಯಾತ್ಸಂದ್ರ_ಸೊಸೆ
ಅಣ್ಣ, ನಮ್ಮ ಅಚ್ಚಿನ ಮೇಲೆ ಸ್ವಲ್ಪ ಬೂಷ್ಟು ಕಾಣುತ್ತಿದೆ. ಸೋಪ್ ಹಾಕಿ ಉಜ್ಜಬಹುದಾ?

ತಿಪಟೂರು_ಅಟ್ಟ
ಸೋಪ್ ಬೇಡ, ಮರ ಕುಡಿದುಬಿಡುತ್ತದೆ, ಆಮೇಲೆ ಆನೆಯೆಲ್ಲ ಲಿಂಬೆ ವಾಸನೆ. ಹಳೆ ಟೂತ್‌ಬ್ರಷ್, ಉಪ್ಪು, ಬಿಸಿ ನೀರು. ಉಜ್ಜಿ ಎರಡು ದಿನ ಚೆನ್ನಾಗಿ ಬಿಸಿಲಿಗೆ ಇಡಿ. ಬೂಷ್ಟು ಒಳಗೆ ಇಳಿದು ಕಪ್ಪಾಗಿದ್ದರೆ ಆ ಜೋಡಿಯನ್ನು ಬಳಸಬೇಡಿ, ಗೊಂಬೆ ಮೆಟ್ಟಿಲಿಗೆ ಇಟ್ಟುಬಿಡಿ.